ಕಸದ ಹಣ ಮತ್ತು ನೂರು ವರ್ಷದ ತಕರಾರು

ನಮ್ಮ ಅಪಾರ್ಟ್‌ಮೆಂಟಿನ ಲೆಕ್ಕದ ಪುಸ್ತಕ ಎರಡು ವರ್ಷ ನನ್ನ ಹತ್ತಿರ ಇತ್ತು. ವಿಜಯವಾಡದ ಪಟಮಟದಲ್ಲಿ, ರೈತು ಬಜಾರಿಗೆ ನಡೆದು ಹೋಗುವಷ್ಟು ದೂರದಲ್ಲಿರುವ ಇಪ್ಪತ್ತು ಮನೆಗಳ ಕಟ್ಟಡ. ಲಿಫ್ಟಿನ ರಿಪೇರಿ, ವಾಚ್‌ಮನ್ ಸಂಬಳ, ಮೋಟಾರಿನ ಕರೆಂಟು, ಹೆಚ್ಚುಕಡಿಮೆ ಇಷ್ಟೇ ಲೆಕ್ಕ. 2021ರ ಕೊನೆಗೆ ಅದರಲ್ಲಿ ಹೊಸ ಸಾಲೊಂದು ಸೇರಿತು: ಕಸಕ್ಕೆ ಮನೆಯೊಂದಕ್ಕೆ ತಿಂಗಳಿಗೆ 120 ರೂಪಾಯಿ. ಕಾಗದದ ಮೇಲೆ ಅದು ಬಳಕೆದಾರರ ಶುಲ್ಕ. ಜನರ ಬಾಯಲ್ಲಿ ಮಾತ್ರ ‘ಚೆತ್ತ ಪನ್ನು’. ತೆಲುಗಿನಲ್ಲಿ ಚೆತ್ತ ಎಂದರೆ ಕಸ, ಪನ್ನು ಎಂದರೆ ತೆರಿಗೆ.

ಆ ತಿಂಗಳ ಮೀಟಿಂಗಿನಲ್ಲಿ ನಾನು ಈ ಸಾಲನ್ನು ಓದಿದಾಗ ಹತ್ತೊಂಬತ್ತು ಮನೆಯವರು ಗೊಣಗಿಕೊಂಡೇ ಒಪ್ಪಿದರು. ಮೂರನೆಯ ಮಹಡಿಯ ಮಾಸ್ಟಾರು ಮಾತ್ರ ಒಪ್ಪಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿ ನಿವೃತ್ತರಾದವರು. ಹುಟ್ಟಿ ಬೆಳೆದದ್ದೆಲ್ಲ ಪಟಮಟದಲ್ಲೇ.

“ಕೊಡ್ತೀನಿ ಮೇನೇಜರ್ ಗಾರೂ. ಯಾರು ಹಾಕಿದ್ದು ಅಂತ ಹೇಳಿ, ಈಗಲೇ ಕೊಡ್ತೀನಿ,” ಎಂದರು.

“ಕಾರ್ಪೊರೇಷನ್ನು,” ಎಂದೆ.

“ಕಾರ್ಪೊರೇಷನ್ ಅಂದ್ರೆ ಯಾರು? ಕಮಿಷನರಾ? ಕೌನ್ಸಿಲ್ಲಾ? ಮೇಲಿನ ಸರ್ಕಾರವಾ?”

ನಾನು ಎಂಟೆಕ್ ಓದಿದವನು. ಹದಿನೆಂಟು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುತ್ತಿರುವವನು. ಯಾವ ಕೆಲಸಕ್ಕೆ ಯಾರು ಹೊಣೆ, ಯಾರ ಒಪ್ಪಿಗೆ ಬೇಕು ಎಂದು ಪಟ್ಟಿ ಮಾಡುವುದೇ ನನ್ನ ವೃತ್ತಿ. ಆದರೆ ನನ್ನ ಮನೆಯ ಕಸದ ವಿಷಯದಲ್ಲಿ ಆ ಪಟ್ಟಿ ನನಗೆ ಗೊತ್ತಿರಲಿಲ್ಲ. ಮಾಸ್ಟಾರು ನನ್ನ ಮುಖ ನೋಡಿ ನಕ್ಕು, “ಚೀರಾಲ ಗೊತ್ತಾ ನಿಮಗೆ?” ಎಂದು ಕೇಳಿದರು. ಚೀರಾಲ ಎಂದರೆ ಕೈಮಗ್ಗದ ಬಟ್ಟೆ, ಅಷ್ಟೇ ಗೊತ್ತಿತ್ತು. “ಓದಿ ನೋಡಿ. ಸರಿಯಾಗಿ ನೂರು ವರ್ಷ ಆಯ್ತು,” ಎಂದರು.

ಅಲ್ಲಿಂದ ಶುರುವಾದ ಓದಿನ ಫಲ ಈ ಬರಹ. ನಾವು ಆರಿಸಿ ಕಳಿಸುವ ನಗರಸಭೆ, ಪಾಲಿಕೆಗಳ ಕೆಲಸವೇನು, ಹೊಣೆಯೇನು ಎಂಬುದನ್ನು ನಾನಿರುವ ಊರಿನ ಚರಿತ್ರೆಯ ಮೂಲಕ ಹೇಳಲು ನೋಡುತ್ತೇನೆ. ನಿಮ್ಮಲ್ಲಿ ಬಹಳ ಜನ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಪುಣೆಯಲ್ಲೋ ಇರುತ್ತೀರಿ. ಊರಿನ ಹೆಸರು ಬದಲಾದೀತು, ಕತೆ ಹೆಚ್ಚು ಬದಲಾಗುವುದಿಲ್ಲ.

ಒಂದೇ ಕಾನೂನಿನ ಎರಡು ಊರು

ನನ್ನ ಊರು ಬಳ್ಳಾರಿ. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್, ಗುಂಟೂರು ದಾಟಿ ವಿಜಯವಾಡ. ಹೀಗಾಗಿ ಇಲ್ಲಿಗೆ ಬಂದಾಗ ಪರದೇಶಕ್ಕೆ ಬಂದೆ ಅನ್ನಿಸಲಿಲ್ಲ. ನಮ್ಮ ಬೀದಿಯಲ್ಲೂ ತೆಲುಗು ಇತ್ತು. ಅದಕ್ಕಿಂತ ಹಳೆಯ ನಂಟೊಂದು ಓದುತ್ತಾ ಹೋದಾಗ ಸಿಕ್ಕಿತು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮತ್ತು ವಿಜಯವಾಡ (ಆಗಿನ ಬೆಜವಾಡ) ಎರಡೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಅಂದರೆ ನಮ್ಮಜ್ಜನ ಕಾಲದ ಬಳ್ಳಾರಿಯ ಪುರಸಭೆಯನ್ನೂ ಮಾಸ್ಟಾರರ ಅಜ್ಜನ ಕಾಲದ ಬೆಜವಾಡದ ಪುರಸಭೆಯನ್ನೂ ನಡೆಸುತ್ತಿದ್ದದ್ದು ಒಂದೇ ಕಾನೂನು. ಮಂಗಳೂರಿಗೂ ಅದೇ. ಅಲ್ಲಿ ಪುರಸಭೆ ಆದದ್ದು 1866ರಲ್ಲಿ, ಮದ್ರಾಸಿನ 1865ರ ಪಟ್ಟಣ ಸುಧಾರಣಾ ಕಾಯಿದೆಯ ಕೆಳಗೆ. ಮೈಸೂರು ಸಂಸ್ಥಾನದ ಬೆಂಗಳೂರಿಗೆ ನಗರ ಮಂಡಳಿ ಬಂದದ್ದು ಇನ್ನೂ ಮೊದಲು, 1862ರಲ್ಲಿ.

ಈ ಮೊದಲಿನ ಮಂಡಳಿಗಳನ್ನು ಜನ ಆರಿಸಿರಲಿಲ್ಲ. ಅಧಿಕಾರಿಗಳು ಮತ್ತು ಅವರು ಹೆಸರಿಸಿದ ಊರಿನ ಕೆಲವು ದೊಡ್ಡ ಮನುಷ್ಯರು ಕೂತು ನಡೆಸುತ್ತಿದ್ದರು. ಸರ್ಕಾರಕ್ಕೆ ಆಗ ಇದರ ಅಗತ್ಯ ಬಿದ್ದದ್ದೇಕೆಂದರೆ 1857ರ ನಂತರ ಬೊಕ್ಕಸ ಬರಿದಾಗಿತ್ತು. ರಸ್ತೆ, ದೀಪ, ಚರಂಡಿಯ ಖರ್ಚನ್ನು ಆಯಾ ಊರಿನ ಜನರ ಮೇಲೆಯೇ ಹಾಕಬೇಕಿತ್ತು. ಅಂದರೆ ಪುರಸಭೆ ಹುಟ್ಟಿದ್ದೇ ತೆರಿಗೆ ಎತ್ತುವ ಯಂತ್ರವಾಗಿ. ಆ ಯಂತ್ರದ ಹಿಡಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಆಮೇಲೆ ಬಂತು.

ಆ ಪ್ರಶ್ನೆಯನ್ನು ಸರ್ಕಾರದ ಒಳಗಿನಿಂದಲೇ ಎತ್ತಿದವನು ವೈಸ್‌ರಾಯ್ ಲಾರ್ಡ್ ರಿಪನ್. 1882ರ ಮೇ 18ರ ಅವನ ನಿರ್ಣಯವನ್ನು ಭಾರತದ ಸ್ಥಳೀಯ ಸ್ವರಾಜ್ಯದ ಮೂಲ ಕಾಗದ ಎನ್ನುತ್ತಾರೆ. ಆಡಳಿತ ಚುರುಕಾಗಲಿ ಎಂಬುದು ತನ್ನ ಮೊದಲ ಉದ್ದೇಶವಲ್ಲ, ಜನರಿಗೆ ರಾಜಕೀಯ ಶಿಕ್ಷಣ ಸಿಗಲಿ ಎಂಬುದೇ ಮುಖ್ಯ ಎಂಬ ಅರ್ಥದ ಮಾತನ್ನು ಅವನು ಅದರಲ್ಲಿ ಹೇಳಿದ್ದ. ಮೊದಮೊದಲು ಕೆಲಸ ಕೆಡಬಹುದು, ಕೆಟ್ಟರೂ ಚಿಂತೆಯಿಲ್ಲ, ಮಾಡುತ್ತಾ ಕಲಿಯುತ್ತಾರೆ ಎಂಬುದು ಅವನ ವಾದ. ಡೆಡ್‌ಲೈನಿನ ಹಿಂದೆ ಓಡುವ ನನ್ನಂಥವನಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ರಿಪನ್ನನ ನಿರ್ಣಯದ ಬೆನ್ನಿಗೇ ಮದ್ರಾಸಿನಲ್ಲಿ 1884ರ ಜಿಲ್ಲಾ ಪುರಸಭೆಗಳ ಕಾಯಿದೆ ಬಂತು. ಆ ಕಾಯಿದೆಯ ಕಾಲದಲ್ಲೇ, 1888ರ ಏಪ್ರಿಲ್ 1ರಂದು, ಬೆಜವಾಡ ಪುರಸಭೆಯಾಯಿತು. ಕೃಷ್ಣಾ ಆಣೆಕಟ್ಟು, ಕಾಲುವೆಗಳು, ರೈಲು ಎಲ್ಲ ಒಂದೊಂದಾಗಿ ಬಂದು ಊರು ಬೆಳೆಯುತ್ತಿದ್ದ ದಿನಗಳು. ಚುನಾವಣೆ ಇತ್ತಾದರೂ ಮತ ಇದ್ದದ್ದು ತೆರಿಗೆ ಕಟ್ಟುವ ಕೆಲವರಿಗೆ ಮಾತ್ರ. ಆಗಿನ ಪಟಮಟ ಈ ಪುರಸಭೆಯ ಹೊರಗಿನ ಒಂದು ಹಳ್ಳಿ.

ಊರು ಬಿಟ್ಟು ಹೋದ ಊರು

ಈಗ ಮಾಸ್ಟಾರರ ಚೀರಾಲಕ್ಕೆ ಬರೋಣ. ವಿಜಯವಾಡದಿಂದ ರೈಲಿನಲ್ಲಿ ತೆನಾಲಿ, ಬಾಪಟ್ಲ ದಾಟಿದರೆ ಚೀರಾಲ. ನೇಕಾರರ ಊರು. ಪಕ್ಕದಲ್ಲೇ ಪೇರಾಲ. ಇವೆರಡೂ ಸೇರಿ ಒಂದು ‘ಯೂನಿಯನ್’ ಆಗಿದ್ದವು, ಅಂದರೆ ಪುರಸಭೆಗಿಂತ ಚಿಕ್ಕದಾದ ಮಂಡಳಿ. ವರ್ಷಕ್ಕೆ ಸುಮಾರು 4,000 ರೂಪಾಯಿ ತೆರಿಗೆ ಎತ್ತುತ್ತಿತ್ತು. 1919ರಲ್ಲಿ ಮದ್ರಾಸ್ ಸರ್ಕಾರ ಇವೆರಡನ್ನೂ ಪುರಸಭೆ ಮಾಡಿತು. ತೆರಿಗೆ ಸುಮಾರು 40,000 ರೂಪಾಯಿಗೆ ಏರಿತು. ಊರಿನ ಜನಸಂಖ್ಯೆ 15,000ದ ಆಸುಪಾಸು, ಅದರಲ್ಲಿ ಹೆಚ್ಚಿನವರು ಮಗ್ಗ ನಂಬಿದ ಬಡವರು.

ಜನ ಅರ್ಜಿ ಹಾಕಿದರು. ನಮಗೆ ಪುರಸಭೆ ಬೇಡ, ನಮ್ಮ ಯೂನಿಯನ್ನೇ ಸಾಕು ಎಂದರು. ಸರ್ಕಾರ ಕೇಳಲಿಲ್ಲ. ತೆರಿಗೆ ಕೊಡುವುದನ್ನು ನಿಲ್ಲಿಸಿದರು. ಕೊಡದವರು ಜೈಲಿಗೆ ಹೋದರು. ಹಾಗೆ ಹೋದವರಲ್ಲಿ ರಾವೂರಿ ಅಲಮೇಲಮ್ಮ ಎಂಬ ಹೆಂಗಸೂ ಇದ್ದರು. ಕೌನ್ಸಿಲರುಗಳು ರಾಜೀನಾಮೆ ಕೊಟ್ಟು ಹೊರಗೆ ಬಂದರು. ಸರ್ಕಾರ ಅಧಿಕಾರಿಯನ್ನು ಕೂರಿಸಿ ಪುರಸಭೆ ನಡೆಸಲು ಹೊರಟಿತು.

ಈ ಹೋರಾಟದ ಮುಂದಾಳು ದುಗ್ಗಿರಾಲ ಗೋಪಾಲಕೃಷ್ಣಯ್ಯ. ಕೃಷ್ಣಾ ಜಿಲ್ಲೆಯ ಪೆನುಗಂಚಿಪ್ರೋಲಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಎಂಎ ಓದಿ ಬಂದವರು. ‘ರಾಮದಂಡು’ ಎಂಬ ಸ್ವಯಂಸೇವಕರ ಪಡೆ ಕಟ್ಟಿದ್ದರು. 1921ರ ಮಾರ್ಚ್ 31 ಮತ್ತು ಏಪ್ರಿಲ್ 1ರಂದು ಬೆಜವಾಡದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆ ನಡೆಯಿತು. ಪಿಂಗಳಿ ವೆಂಕಯ್ಯ ಗಾಂಧೀಜಿಗೆ ಧ್ವಜದ ವಿನ್ಯಾಸ ತೋರಿಸಿದ್ದು ಅಲ್ಲೇ. ಅದು ಮುಗಿಸಿ ಗಾಂಧಿ ಏಪ್ರಿಲ್ 6ರಂದು ಚೀರಾಲಕ್ಕೆ ಹೋದರು. ಅವರು ಹೇಳಿದ್ದು ಎರಡು ದಾರಿ: ತೆರಿಗೆ ಕೊಡದೆ ಶಾಂತಿಯಿಂದ ಎಲ್ಲವನ್ನೂ ಅನುಭವಿಸುವುದು, ಇಲ್ಲವೇ ಪುರಸಭೆಯ ಗಡಿಯನ್ನೇ ಬಿಟ್ಟು ಹೊರಗೆ ಹೋಗಿ ಬದುಕುವುದು.

ಚೀರಾಲದವರು ಎರಡನೆಯದನ್ನು ಆರಿಸಿಕೊಂಡರು. ಊರಿನ ಬಹುಪಾಲು ಜನ ಮನೆಗೆ ಬೀಗ ಹಾಕಿ, ಮಕ್ಕಳು ಮರಿ, ಮಗ್ಗ ಕಟ್ಟಿಕೊಂಡು, ಗಡಿಯ ಆಚೆ ಗುಡಿಸಲು ಹಾಕಿಕೊಂಡರು. ಅದಕ್ಕೆ ರಾಮನಗರ ಎಂದು ಹೆಸರಿಟ್ಟರು. ಗೋಪಾಲಕೃಷ್ಣಯ್ಯ ಅಲ್ಲಿ ತಮ್ಮದೇ ಪಂಚಾಯಿತಿ, ತಮ್ಮದೇ ನ್ಯಾಯ ಎಂದು ನಡೆಸಿದರು. ಬಿಸಿಲು, ಮಳೆ ಎರಡನ್ನೂ ಆ ಗುಡಿಸಲುಗಳಲ್ಲೇ ಕಳೆದರು. ಹನ್ನೊಂದು ತಿಂಗಳು ಹೀಗೆ ನಡೆಯಿತು. ಮುಂದಾಳು ಜೈಲು ಸೇರಿದ ಮೇಲೆ, ಹಣವೂ ಕೈಬಿಟ್ಟ ಮೇಲೆ, ಜನ ಒಬ್ಬೊಬ್ಬರಾಗಿ ವಾಪಸು ಬಂದರು.

ಇಲ್ಲಿ ಗಮನಿಸಬೇಕಾದ ವ್ಯಂಗ್ಯ ಒಂದಿದೆ. 1920ರ ಕೊನೆಯಿಂದ ಮದ್ರಾಸಿನಲ್ಲಿ ಸ್ಥಳೀಯ ಸ್ವರಾಜ್ಯ ಖಾತೆ ಬಿಳಿಯರ ಕೈಯಲ್ಲಿ ಇರಲೇ ಇಲ್ಲ. ಚುನಾವಣೆಯಲ್ಲಿ ಗೆದ್ದು ಬಂದ ಜಸ್ಟಿಸ್ ಪಕ್ಷದ ಪಾನಗಲ್ ರಾಜಾ ಅದರ ಮಂತ್ರಿ, ಅವರೂ ತೆಲುಗರೇ. ಆದರೂ ಚೀರಾಲದ ಮಾತು ಮದ್ರಾಸಿಗೆ ಮುಟ್ಟಲಿಲ್ಲ. ನಮ್ಮವರೇ ಮಂತ್ರಿಯಾದ ಮಾತ್ರಕ್ಕೆ ಊರಿನ ತೆರಿಗೆಯನ್ನು ಊರು ತೀರ್ಮಾನಿಸುತ್ತದೆ ಎಂದು ಹೇಳಲು ಬರುವುದಿಲ್ಲ. ಇದನ್ನು ಓದಿದ ದಿನ ಮಾಸ್ಟಾರರ ಪ್ರಶ್ನೆ ನನಗೆ ಅರ್ಥವಾಯಿತು.

ಕೌನ್ಸಿಲ್ ಎಂದರೆ ಯಾರು?

ಅವರ ಪ್ರಶ್ನೆಗೆ ಕಾನೂನಿನ ಉತ್ತರ ಹೀಗಿದೆ. ವಿಜಯವಾಡ 1981ರಲ್ಲಿ ಪಾಲಿಕೆಯಾಯಿತು, ವಿಶಾಖಪಟ್ನಂ ಅದಕ್ಕೂ ಎರಡು ವರ್ಷ ಮೊದಲು, 1979ರಲ್ಲಿ. ಎರಡಕ್ಕೂ ತಳಹದಿ ಹೈದರಾಬಾದಿನ 1955ರ ಪಾಲಿಕೆ ಕಾಯಿದೆ. ಅದರಂತೆ ಪಾಲಿಕೆಯಲ್ಲಿ ಮೂರು ಅಧಿಕಾರ ಕೇಂದ್ರಗಳು: ಚುನಾಯಿತ ಸದಸ್ಯರ ಕೌನ್ಸಿಲ್, ಅದರೊಳಗಿನ ಸ್ಥಾಯಿ ಸಮಿತಿ, ಸರ್ಕಾರ ನೇಮಿಸುವ ಕಮಿಷನರ್. ಕೆಲಸ ಮಾಡಿಸುವವರು ಕಮಿಷನರ್. ಆಯವ್ಯಯ ಒಪ್ಪುವುದು, ತೆರಿಗೆಯ ದರ ತೀರ್ಮಾನಿಸುವುದು, ದೊಡ್ಡ ಖರ್ಚಿಗೆ ಮಂಜೂರಾತಿ ಕೊಡುವುದು, ಕೆಲಸ ಏಕಾಗಲಿಲ್ಲ ಎಂದು ಕಮಿಷನರನ್ನು ಕೇಳುವುದು ಕೌನ್ಸಿಲಿನ ಹೊಣೆ. ಮೇಯರ್ ಈ ಕೌನ್ಸಿಲಿನ ಅಧ್ಯಕ್ಷರು. ಆದರೆ ಕೌನ್ಸಿಲಿನ ಠರಾವನ್ನು ತಡೆಯುವ, ರದ್ದು ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ.

ಮಾಡಲೇಬೇಕಾದ ಕೆಲಸಗಳು, ಬೇಕಾದರೆ ಮಾಡಬಹುದಾದ ಕೆಲಸಗಳು ಎಂದು ಕಾಯಿದೆ ಎರಡು ಪಟ್ಟಿ ಕೊಡುತ್ತದೆ. ಬೀದಿ ಗುಡಿಸುವುದು, ಚರಂಡಿ, ದೀಪ, ಕುಡಿಯುವ ನೀರು, ಜನನ ಮರಣ ನೋಂದಣಿ, ಸ್ಮಶಾನ ಇವು ಮೊದಲ ಪಟ್ಟಿಯಲ್ಲಿ. ಉದ್ಯಾನ, ಗ್ರಂಥಾಲಯದಂಥವು ಎರಡನೆಯದರಲ್ಲಿ. ನಮ್ಮ ಬದುಕಿನಲ್ಲಿ ಹುಟ್ಟಿದ್ದಕ್ಕೆ ಸರ್ಟಿಫಿಕೇಟು ಕೊಡುವವರೂ ಸತ್ತದ್ದಕ್ಕೆ ಕೊಡುವವರೂ ಇವರೇ. ನಡುವೆ ಕುಡಿಯುವ ನೀರೂ ಇವರದೇ. ಇಷ್ಟಾದರೂ ನಮ್ಮ ವಾರ್ಡಿನ ಸದಸ್ಯರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಕಮಿಷನರ್ ಡೆಲಿವರಿ ಮಾಡುವವರು, ಕೌನ್ಸಿಲ್ ಗ್ರಾಹಕರ ಪರವಾಗಿ ಕೂತು ಲೆಕ್ಕ ಕೇಳುವ ಸಮಿತಿ. ಆ ಸಮಿತಿ ಇಲ್ಲದಿದ್ದರೂ ಪ್ರಾಜೆಕ್ಟು ನಡೆಯುತ್ತದೆ. ಕೆಲವೊಮ್ಮೆ ವೇಗವಾಗಿಯೇ ನಡೆಯುತ್ತದೆ. ಆದರೆ ಏನು ಕಟ್ಟಬೇಕಿತ್ತು, ಏನು ಕಟ್ಟಿದರು, ಹಣ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕಿರುವವರು ಕೋಣೆಯಲ್ಲಿ ಇರುವುದಿಲ್ಲ.

ಪಟಮಟ ಪೇಟೆಗೆ ಸೇರಿದ್ದು

ವಿಜಯವಾಡ ಪಾಲಿಕೆಯ ಮೊದಲ ಮೇಯರ್ ಸಿಪಿಐನ ಟಿ. ವೆಂಕಟೇಶ್ವರರಾವ್. 1985ರಲ್ಲಿ ಪಟಮಟ, ಗುಣದಲ, ಭವಾನಿಪುರಂ ಗ್ರಾಮ ಪಂಚಾಯಿತಿಗಳನ್ನೂ ಪಾಯಕಾಪುರಂ, ಕುಂದಾವಾರಿ ಕಂಡ್ರಿಕ ಎಂಬ ಎರಡು ಹಳ್ಳಿಗಳನ್ನೂ ಪಾಲಿಕೆಗೆ ಸೇರಿಸಿದರು. ಊರಿನ ವಿಸ್ತಾರ 61.88 ಚದರ ಕಿಲೋಮೀಟರಿಗೆ ಬಂತು. ಮಾಸ್ಟಾರಿಗೆ ಆಗ ಮೂವತ್ತರ ಹತ್ತಿರ. “ಪಂಚಾಯಿತಿ ಇದ್ದಾಗ ಸರ್ಪಂಚರು ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಸಿಗೋರು. ಅಲ್ಲೇ ಜಗಳ ಆಡ್ತಿದ್ವಿ. ಕಾರ್ಪೊರೇಷನ್ ಆದ ಮೇಲೆ ಪೈಪು ಬಂತು, ಸಿಮೆಂಟ್ ರೋಡು ಬಂತು. ಜಗಳ ಆಡೋಕೆ ಮನುಷ್ಯ ಸಿಗದೆ ಹೋದ,” ಎನ್ನುತ್ತಾರೆ. ಪೈಪು ಬಂದದ್ದನ್ನು ಅವರು ಕಡೆಗಣಿಸುವುದಿಲ್ಲ. ಸಣ್ಣ ಪಂಚಾಯಿತಿಯಲ್ಲಿ ಜಾತಿ, ಜಮೀನಿನ ದರ್ಬಾರು ಹೇಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಅದೇ ಹೊತ್ತಿಗೆ ನಮ್ಮ ಕರ್ನಾಟಕದಲ್ಲಿ ಹಳ್ಳಿಗಳ ಕಡೆ ದೊಡ್ಡ ಪ್ರಯೋಗ ನಡೆಯುತ್ತಿತ್ತು. ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ತಂದ 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆಯಾಯಿತು. ಹೆಣ್ಣುಮಕ್ಕಳಿಗೆ ನಾಲ್ಕನೆಯ ಒಂದು ಭಾಗ ಮೀಸಲಾತಿ ಆಗಲೇ ಇತ್ತು. ದೇಶಕ್ಕೆ ಇದೆಲ್ಲ ಸಂವಿಧಾನದ ಮಾತಾಗಿ ಬಂದದ್ದು ಆರು ವರ್ಷದ ನಂತರ, 73 ಮತ್ತು 74ನೆಯ ತಿದ್ದುಪಡಿಗಳಿಂದ. ನಗರಗಳ ತಿದ್ದುಪಡಿ 74ನೆಯದು, 1993ರ ಜೂನ್ 1ರಿಂದ ಜಾರಿ. ಅದು ಮೂರು ಮುಖ್ಯ ಮಾತು ಹೇಳಿತು. ನಗರ ಸಂಸ್ಥೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು, ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ. ಮಹಿಳೆಯರಿಗೆ ಮೂರನೆಯ ಒಂದಕ್ಕೆ ಕಡಿಮೆಯಿಲ್ಲದ ಸ್ಥಾನ. ಹನ್ನೆರಡನೆಯ ಪರಿಶಿಷ್ಟದಲ್ಲಿ ನಗರ ಯೋಜನೆಯಿಂದ ಹಿಡಿದು ಬೀದಿ ದೀಪದವರೆಗೆ 18 ವಿಷಯಗಳು.

ಫಲ ಸಿಗಲಿಲ್ಲ ಎನ್ನುವಂತಿಲ್ಲ. 2000ದಲ್ಲಿ ವಿಜಯವಾಡದ ಜನ ನೇರ ಮತದಿಂದ ಮೇಯರ್ ಮಾಡಿದ್ದು ಪಂಚುಮರ್ತಿ ಅನುರಾಧಾ ಅವರನ್ನು. ಆಗ ಅವರಿಗೆ 26 ವರ್ಷ. ಮೀಸಲಾತಿ ಇಲ್ಲದಿದ್ದರೆ ಆ ಕುರ್ಚಿಯ ಹತ್ತಿರಕ್ಕೂ ಬರಲು ಬಿಡದ ಊರು ಇದು ಎಂದು ಮಾಸ್ಟಾರರ ಹೆಂಡತಿ, ನಮ್ಮೆಲ್ಲರ ಪಿನ್ನಿಗಾರು, ಹೇಳುತ್ತಾರೆ.

ಆದರೆ ಆ 18 ವಿಷಯಗಳನ್ನು ಕೊಡಬೇಕೇ ಬೇಡವೇ ಎಂಬುದನ್ನು ತಿದ್ದುಪಡಿ ರಾಜ್ಯಗಳ ಮರ್ಜಿಗೆ ಬಿಟ್ಟಿತು. ಬೆಂಗಳೂರಿನಲ್ಲಿ ನೀರು 1964ರಿಂದ ಜಲಮಂಡಳಿಯದು, ಯೋಜನೆ 1976ರಿಂದ ಬಿಡಿಎಯದು. ವಿಜಯವಾಡದಲ್ಲಿ ನೀರು ಪಾಲಿಕೆಯ ಕೈಯಲ್ಲೇ ಇದೆ, ಆದರೆ ಊರು ಹೇಗೆ ಬೆಳೆಯಬೇಕು ಎಂಬ ಯೋಜನೆ 2014ರಿಂದ ರಾಜಧಾನಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ್ದು. ಈ ಮಂಡಳಿ, ಪ್ರಾಧಿಕಾರಗಳು ಉತ್ತರ ಕೊಡಬೇಕಾದದ್ದು ಸರ್ಕಾರಕ್ಕೆ, ಕೌನ್ಸಿಲಿಗಲ್ಲ.

ಖಾಲಿ ಕುರ್ಚಿಗಳ ವರ್ಷಗಳು

ಐದು ವರ್ಷಕ್ಕೊಮ್ಮೆ ಚುನಾವಣೆ ಎಂದು ಸಂವಿಧಾನ ಹೇಳಿದರೂ ನಡೆದದ್ದೇನು? ವಿಜಯವಾಡದಲ್ಲಿ 2005ರಲ್ಲಿ ಆರಿಸಿದ ಕೌನ್ಸಿಲ್ 2010ಕ್ಕೆ ಮುಗಿಯಿತು. ಮುಂದಿನದು ಬಂದದ್ದು 2014ರಲ್ಲಿ. ಅದು 2019ಕ್ಕೆ ಮುಗಿದು, ಮುಂದಿನದು 2021ರಲ್ಲಿ. 2020ರ ಮಾರ್ಚ್‌ನಲ್ಲಿ ನಾಮಪತ್ರ ಹಾಕಿ ಆಗಿದ್ದ ಚುನಾವಣೆ ಕೊರೊನಾಕ್ಕೆ ನಿಂತು, ಮತದಾನವಾದದ್ದು ಒಂದು ವರ್ಷದ ನಂತರ ಮಾರ್ಚ್ 10ಕ್ಕೆ. ವಿಶಾಖಪಟ್ನಂ ಕತೆ ಇನ್ನೂ ಉದ್ದ. 2007ರಲ್ಲಿ ಆರಿಸಿದ ಕೌನ್ಸಿಲ್ 2012ಕ್ಕೆ ಮುಗಿದ ಮೇಲೆ ಒಂಬತ್ತು ವರ್ಷ ಚುನಾವಣೆಯೇ ಇಲ್ಲ. ಇಪ್ಪತ್ತು ಲಕ್ಷದ ಹತ್ತಿರ ಜನರಿರುವ ನಗರವನ್ನು ಆ ಒಂಬತ್ತು ವರ್ಷ ಅಧಿಕಾರಿಗಳೇ ನಡೆಸಿದರು. ಹುದ್‌ಹುದ್ ಚಂಡಮಾರುತ ಬಂದದ್ದೂ ಆ ನಡುವೆಯೇ, 2014ರ ಅಕ್ಟೋಬರಿನಲ್ಲಿ.

ನಾವೇನೂ ಬೇರೆಯಲ್ಲ. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಐದು ವರ್ಷ ಚುನಾವಣೆ ಇಲ್ಲದೆ ಕಳೆದು, 2025ರ ಸೆಪ್ಟೆಂಬರ್ 2ರಂದು ಬೆಂಗಳೂರು ಐದು ಪಾಲಿಕೆಗಳಾಯಿತು. ಆ ಐದರಲ್ಲಿ ಆ ದಿನ ಒಬ್ಬನೇ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟು ಅಹಮದಾಬಾದಿನ ಪ್ರಕರಣವೊಂದರಲ್ಲಿ 2006ರಲ್ಲೇ ಹೇಳಿತ್ತು. ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟಿನ ದಾವೆ, ಹೀಗೆ ಪ್ರತಿಸಲವೂ ಒಂದೊಂದು ಕಾರಣ ಸಿಗುತ್ತದೆ. ಶಾಸಕರಿಗೆ ವಾರ್ಡಿನಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಬೇಕಿಲ್ಲ ಎಂಬ ಕಾರಣವನ್ನು ಮಾತ್ರ ಯಾರೂ ಬರೆದು ಕೊಡುವುದಿಲ್ಲ.

ಖಾಲಿ ವರ್ಷಗಳಲ್ಲಿ ಕಸದ ಗಾಡಿ ನಿಲ್ಲಲಿಲ್ಲ, ನಲ್ಲಿ ನಿಲ್ಲಲಿಲ್ಲ. ಹಾಗಾಗಿ ನನ್ನಂಥವರಿಗೆ ಏನೂ ಗೊತ್ತಾಗಲಿಲ್ಲ. ನಾನು ಪಟಮಟಕ್ಕೆ ಬಂದ ಮೊದಲ ವರ್ಷಗಳಲ್ಲಿ ನಮ್ಮ ರಸ್ತೆಯ ಚರಂಡಿಯ ಬಗ್ಗೆ ಆ್ಯಪಿನಲ್ಲಿ ನಾಲ್ಕು ದೂರು ಕೊಟ್ಟಿದ್ದೆ. ನಾಲ್ಕೂ ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋದವು. ಚರಂಡಿ ಹಾಗೇ ಇತ್ತು. ದೂರಿನ ಟಿಕೆಟ್ಟನ್ನು ಕೆಲಸ ಮಾಡದೆ ಮುಚ್ಚಿದರೆ ನಮ್ಮ ಕಚೇರಿಯಲ್ಲಿ ಮರುದಿನವೇ ಮೀಟಿಂಗಾಗುತ್ತದೆ. ಇಲ್ಲಿ ಯಾರ ಮೀಟಿಂಗಿನಲ್ಲಿ ಕೇಳುವುದು? ಆಗ ಕೌನ್ಸಿಲ್ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಬಂದದ್ದೂ ಅಲ್ಲಿಂದ, ಹೋದದ್ದೂ ಅಲ್ಲಿಂದ

ಈಗ ಮತ್ತೆ 120 ರೂಪಾಯಿಗೆ ಬರೋಣ. 2021ರ ಮಾರ್ಚ್ ಚುನಾವಣೆಯಲ್ಲಿ ವಿಜಯವಾಡದ 64 ಡಿವಿಜನ್‌ಗಳಲ್ಲಿ 49 ವೈಎಸ್‌ಆರ್ ಕಾಂಗ್ರೆಸ್‌ಗೆ, 14 ತೆಲುಗುದೇಶಂಗೆ, ಒಂದು ಸಿಪಿಎಂಗೆ ಬಂದವು. ಕೌನ್ಸಿಲ್ ಕೂತಿತು. ಅದೇ ವರ್ಷ ಅಕ್ಟೋಬರ್ 2ರಂದು ನಮ್ಮ ಮನೆಗೆ ಹತ್ತಿರದ ಬೆಂಜ್ ಸರ್ಕಲ್ಲಿನಲ್ಲಿ ಆಗಿನ ಮುಖ್ಯಮಂತ್ರಿ ಜಗನ್‌ಮೋಹನ ರೆಡ್ಡಿಯವರು ರಾಜ್ಯದ ಪಟ್ಟಣಗಳಿಗೆಲ್ಲ 4,000ಕ್ಕೂ ಹೆಚ್ಚು ಕಸದ ಗಾಡಿಗಳಿಗೆ ಹಸಿರು ಬಾವುಟ ತೋರಿಸಿದರು. ಶುಲ್ಕವೂ ಆ ಯೋಜನೆಯ ಭಾಗವಾಗಿಯೇ ಬಂತು. ಸರಿಯಾಗಿ ಮೂರು ವರ್ಷದ ನಂತರ, 2024ರ ಅಕ್ಟೋಬರ್ 2ರಂದು, ಈಗಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಮಚಲೀಪಟ್ನಂನಲ್ಲಿ ಕಸದ ತೆರಿಗೆ ರದ್ದು ಎಂದು ಘೋಷಿಸಿದರು.

ಯಾವ ಪಕ್ಷ ಸರಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಕಸ ಎತ್ತಲು ಹಣ ಬೇಕು, ಅದನ್ನು ಯಾರೋ ಕೊಡಲೇಬೇಕು. ನನಗೆ ಕಂಡದ್ದು ಇಷ್ಟು: ಕಸ ಎತ್ತುವುದು ಪಾಲಿಕೆಯ ಮಾಡಲೇಬೇಕಾದ ಕೆಲಸಗಳ ಪಟ್ಟಿಯಲ್ಲೇ ಇದೆ. ಆದರೂ ಅದಕ್ಕೆ ದುಡ್ಡು ಕೇಳಿದ್ದೂ ಬೇಡವೆಂದದ್ದೂ ರಾಜ್ಯ. ಇದೇ ಕಾಲದಲ್ಲಿ ಆಸ್ತಿ ತೆರಿಗೆಯ ಲೆಕ್ಕವೂ ಬಾಡಿಗೆ ಮೌಲ್ಯದಿಂದ ಬಂಡವಾಳ ಮೌಲ್ಯಕ್ಕೆ ತಿರುಗಿತು. ಅದೂ ರಾಜ್ಯದ ಕಾಯಿದೆಯ ತಿದ್ದುಪಡಿಯಿಂದಲೇ. 2019ರ ಅಕ್ಟೋಬರ್ 2ರಿಂದ ವಾರ್ಡುಗಳಲ್ಲಿ ಸಚಿವಾಲಯಗಳು ಬಂದಿದ್ದವು. ಸರ್ಟಿಫಿಕೇಟು ಬೇಗ ಸಿಗತೊಡಗಿತು, ನಿಜ. ಆದರೆ ವಾರ್ಡಿನ ಜನ ವಾರ್ಡಿನ ಸದಸ್ಯರ ಬಳಿ ಹೋಗುವ ಕೆಲಸವೂ ಕಡಿಮೆಯಾಯಿತು.

ಇದಕ್ಕೆ ಬೆಲೆ ತೆತ್ತದ್ದು 2024ರ ಸೆಪ್ಟೆಂಬರ್ 1ರಂದು. ಬುಡಮೇರು ಹಳ್ಳದ ಕಟ್ಟೆಗಳು ಒಡೆದು ಸಿಂಗ್ ನಗರ, ಪಾಯಕಾಪುರಂ, ಕಂಡ್ರಿಕ ಕಡೆಯ ಮನೆಗಳೊಳಗೆ ಆಳೆತ್ತರದ ನೀರು ಬಂತು. ಪಟಮಟದ ನಮ್ಮ ಬೀದಿ ಉಳಿಯಿತು. ನಮ್ಮ ಮನೆಗೆಲಸದ ಲಕ್ಷ್ಮಮ್ಮನಂಥವರ ಮನೆಗಳು ಉಳಿಯಲಿಲ್ಲ. ಮುಖ್ಯಮಂತ್ರಿ ಕಲೆಕ್ಟರ್ ಕಚೇರಿಯಲ್ಲೇ ಬಿಡಾರ ಹೂಡಿದರು, ಸೈನ್ಯ ಬಂತು, ಡ್ರೋನಿನಲ್ಲಿ ಊಟ ಬಂತು. ಹಗಲಿರುಳು ದುಡಿದವರನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ನೀರಿಳಿದ ಮೇಲೆ ಹಳೆಯ ಪ್ರಶ್ನೆ ಉಳಿಯಿತು. ವಿಜಯವಾಡದ ಮಳೆನೀರು ಕಾಲುವೆಗಳಿಗೆಂದು ಕೇಂದ್ರ ಕೊಟ್ಟ 461 ಕೋಟಿ ರೂಪಾಯಿಯ ಯೋಜನೆ ವರ್ಷಗಟ್ಟಲೆ ಅರ್ಧಕ್ಕೆ ನಿಂತಿತ್ತು. ಅದನ್ನು ನಡೆಸುತ್ತಿದ್ದದ್ದು ರಾಜ್ಯದ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ವಿಭಾಗ. ನಗರದ ಕೌನ್ಸಿಲ್ ಕೇಳಿದರೂ ಉತ್ತರ ಕೊಡಬೇಕಾದವರು ಕೌನ್ಸಿಲಿನ ಕೈಕೆಳಗೆ ಇರಲಿಲ್ಲ. ಚರಂಡಿ ಊರಿನದು, ಕಾಂಟ್ರಾಕ್ಟು ಇನ್ನೊಬ್ಬರದು, ಮುಳುಗಿದ್ದು ಮೂರನೆಯವರ ಮನೆ.

ನಮ್ಮ ಪಾಲು

ಇಷ್ಟೆಲ್ಲ ಬರೆದ ಮೇಲೆ ಒಂದು ತಪ್ಪೊಪ್ಪಿಗೆ. 2021ರ ಮಾರ್ಚ್ 10ರಂದು ಪಟಮಟದಲ್ಲಿ ಮತದಾನ ನಡೆದಾಗ ನಾನು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಇದ್ದೆ. ನನ್ನ ಹೆಸರು ಇದ್ದದ್ದು ಬಳ್ಳಾರಿಯ ಪಟ್ಟಿಯಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಬಳ್ಳಾರಿ ಪಾಲಿಕೆಗೂ ಚುನಾವಣೆಯಾಯಿತು. ಅಲ್ಲಿಗೂ ಹೋಗಲಿಲ್ಲ. ಇಲ್ಲಿ ತೆರಿಗೆ ಕಟ್ಟುವ ಊರಿನಲ್ಲಿ ಮತವಿಲ್ಲ, ಮತವಿರುವ ಊರಿನ ಚರಂಡಿ ನನಗೆ ನೆನಪಿಲ್ಲ. 1888ರಲ್ಲಿ ತೆರಿಗೆ ಕಟ್ಟುವವನಿಗೆ ಮಾತ್ರ ಮತವಿತ್ತು. ನೂರಮೂವತ್ತು ವರ್ಷದ ಮೇಲೆ, ಎಲ್ಲರಿಗೂ ಮತ ಬಂದ ಕಾಲದಲ್ಲಿ, ತೆರಿಗೆ ಕಟ್ಟಿಯೂ ಮತ ಹಾಕದವನಾಗಿ ನಾನು ಕೂತಿದ್ದೆ. ಯಾರೂ ನನ್ನನ್ನು ತಡೆದಿರಲಿಲ್ಲ.

ನಮ್ಮಂಥ ವಲಸಿಗರು ಬೇರೆ ಊರಿನಲ್ಲಿ ಕನ್ನಡ ಸಂಘ ಕಟ್ಟುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ. ಅದು ಬೇಕು. ಆದರೆ ಇರುವ ಬೀದಿಯನ್ನು ಹೋಟೆಲ್ ಕೋಣೆಯಂತೆ ನೋಡುವುದನ್ನೂ ಕಲಿತಿದ್ದೇವೆ. ನೀರು ಬರದಿದ್ದರೆ ಟ್ಯಾಂಕರ್, ಕಾವಲಿಗೆ ವಾಚ್‌ಮನ್. ದುಡ್ಡಿರುವವರು ಹೀಗೆ ಒಬ್ಬೊಬ್ಬರಾಗಿ ಹೊರಬಿದ್ದರೆ ಕೌನ್ಸಿಲನ್ನು ಕೇಳಲು ಉಳಿಯುವವರು ಟ್ಯಾಂಕರಿಗೆ ಕೊಡಲು ಹಣವಿಲ್ಲದವರು ಮಾತ್ರ. ಚೀರಾಲದ ನೇಕಾರರು ಊರನ್ನು ಬಿಟ್ಟದ್ದು ಊರಿನ ಮೇಲೆ ಹಕ್ಕು ಸ್ಥಾಪಿಸಲು. ನಾವು ಊರಿನೊಳಗೇ ಇದ್ದು ಅದನ್ನು ಬಿಟ್ಟಿದ್ದೇವೆ.

ಕಳೆದ ವರ್ಷ ನಾನೂ ನನ್ನ ಹೆಂಡತಿಯೂ ಫಾರಂ 8 ತುಂಬಿ ಹೆಸರನ್ನು ಬಳ್ಳಾರಿಯಿಂದ ಪಟಮಟಕ್ಕೆ ಬದಲಾಯಿಸಿಕೊಂಡೆವು. ಹತ್ತು ನಿಮಿಷದ ಕೆಲಸ. ಬಳ್ಳಾರಿಯಲ್ಲಿರುವ ಅವ್ವನಿಗೆ ಹೇಳಿದಾಗ, “ಹಂಗಾರ ಇನ್ನ ನೀವು ಆ ಊರವರಾದ್ರಿ ಬಿಡು,” ಎಂದು ಬೇಸರ ಮಾಡಿಕೊಂಡಳು. ಆ ಬೇಸರಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

2021ರ ಮಾರ್ಚ್‌ನಲ್ಲಿ ಕೂತ ಕೌನ್ಸಿಲಿಗೆ 2026ರ ಮಾರ್ಚ್ ಮಧ್ಯಕ್ಕೆ ಐದು ವರ್ಷ ತುಂಬುತ್ತದೆ. ಮಾಸ್ಟಾರು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ಲೆಕ್ಕದ ಪುಸ್ತಕ ಈಗ ಬೇರೆಯವರ ಹತ್ತಿರ ಇದೆ. ನನ್ನ ಎರಡು ವರ್ಷದ ಪುಟಗಳಲ್ಲಿ ಕಸದ ಸಾಲಿನ ಎದುರು ಮೂರನೆಯ ಮಹಡಿಯ ಕಾಲಂ ಇವತ್ತಿಗೂ ಖಾಲಿ. ಪ್ರಶ್ನೆಗೆ ಉತ್ತರ ಸಿಗುವವರೆಗೆ ಅವರು ಕೊಡಲೇ ಇಲ್ಲ. ಅವರ ಪಾಲನ್ನು ತಿಂಗಳು ತಿಂಗಳು ನಾನೇ ಹಾಕಿದ್ದೆ. ಅದು ಅವರಿಗೆ ಇನ್ನೂ ಗೊತ್ತಿಲ್ಲ.